ಹಸಿರು ದೀಪದ ಮೇಲೆ ನನ್ನ ದಿಗ್ವಿಜಯ

ನನ್ನ ಸಾಧನೆಗಳ ಬಗ್ಗೆ ಇಡೀ ಸಿಯೋಲ್ ನಗರದಲ್ಲಿ ಗೌರವವಿಲ್ಲದವಳು ಒಬ್ಬಳೇ: ನನ್ನ ಹೆಂಡತಿ ಹ್ಯೊನ್‌ಸುಕ್. ಆಫೀಸಿನಲ್ಲಿ ನಾನು ವಿದ್ಯುತ್ ಉಳಿತಾಯ ದಳದ ದಂಡನಾಯಕ (ದಳದಲ್ಲಿ ಇರುವವನು ನಾನೊಬ್ಬನೇ ಎಂಬುದು ಬೇರೆ ಮಾತು). ಮಧ್ಯಾಹ್ನ ಊಟದ ಬಿಡುವಿನಲ್ಲಿ ದೀಪ ಆರಿಸಿ ಎಲ್ಲರೂ ಮೇಜಿಗೆ ತಲೆಯಿಟ್ಟು ಮಲಗಿದಾಗ, ನಾನು ಮೇಜುಗಳ ಕೆಳಗೆ ತೆವಳಿ, ಕೆಲಸವಿಲ್ಲದೆ ಕರೆಂಟು ಕುಡಿಯುತ್ತ ಕೂತ ಪ್ಲಗ್ಗುಗಳನ್ನು ಕೀಳುತ್ತೇನೆ. ನಿರ್ದೇಶಕರು ನನಗೆ ಎಲ್ಲರಿಂದ ಚಪ್ಪಾಳೆ ಹೊಡೆಸಿದ್ದಾರೆ.

ಮನೆಯಲ್ಲಿ ಸಿಗುವುದು ಬೇರೆಯೇ. "ರೀ, ನಿಮ್ಮ ಪೌರುಷ ಆಫೀಸಲ್ಲೇ ಇಟ್ಕೊಳ್ಳಿ. ಹೋದ ಚಳಿಗಾಲ ಕಮೋಡಿನ ಬಿಸಿ ಸೀಟಿನ ಪ್ಲಗ್ ಕಿತ್ತು ನನ್ನ ಜೀವ ತೆಗೆದದ್ದು ಸಾಲದಾ?"

ಆಗಸ್ಟಿನಲ್ಲಿ ಅತಿ ಹೆಚ್ಚು ಕರೆಂಟು ಉಳಿಸಿದ ಮನೆಯ ಹೆಸರನ್ನು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅಂಟಿಸುತ್ತಾರೆಂದು ಪ್ರಕಟಣೆ ಬಂತು. ಏಳನೇ ಮಹಡಿಯವನೂ ಅದರ ಮೇಲೆ ಕಣ್ಣಿಟ್ಟಿದ್ದ. ಅದೇ ತಿಂಗಳು ನಾವು ನಾಲ್ಕು ದಿನ ಸಮುದ್ರತೀರಕ್ಕೆ ಹೊರಟೆವು. ಟಿವಿ, ಅನ್ನದ ಕುಕ್ಕರ್, ಕಂಪ್ಯೂಟರ್, ಎಲ್ಲದರ ಪ್ಲಗ್ ಕಿತ್ತೆ. ಬಾಗಿಲಲ್ಲಿ ಹಿಂತಿರುಗಿ ನೋಡಿದರೆ ಬಾಲ್ಕನಿಯ ಮೂಲೆಯಲ್ಲಿ ಒಂದು ಹಸಿರು ದೀಪ ನನ್ನನ್ನು ಅಣಕಿಸುತ್ತಿತ್ತು. "ಟೋಪಿ ಮರೆತೆ" ಎಂದು ಒಳಗೆ ಓಡಿ, ಅದು ಯಾವುದರ ದೀಪವೆಂದೂ ನೋಡದೆ ಅದರ ಪ್ಲಗ್ಗನ್ನೂ ಕಿತ್ತೆ.

ಮರಳಿ ಬಂದಾಗ ವಾಸನೆ ಲಿಫ್ಟಿನವರೆಗೂ ಬಂದು ನಮ್ಮನ್ನು ಎದುರುಗೊಂಡಿತು. ಆ ಹಸಿರು ದೀಪ ಕಿಮ್ಚಿ ಇಡಲೆಂದೇ ಇರುವ ಫ್ರಿಜ್ಜಿನದು. ಹೋದ ಚಳಿಗಾಲ ನನ್ನ ಅತ್ತೆ ಸೊಂಟ ಮುರಿಯುವಂತೆ ದುಡಿದು ನಲವತ್ತು ಎಲೆಕೋಸಿಗೆ ಉಪ್ಪು ಖಾರ ಸವರಿ ಹುದುಗಿಟ್ಟಿದ್ದ ಕಿಮ್ಚಿಯಲ್ಲಿ ಉಳಿದಿದ್ದ ಕೊನೆಯ ಎರಡು ಡಬ್ಬಿ ಅದರಲ್ಲಿದ್ದವು. ಭಾನುವಾರ ಅತ್ತೆಯ ಎಪ್ಪತ್ತನೆಯ ಹುಟ್ಟುಹಬ್ಬದ ಊಟಕ್ಕೆಂದೇ ಹ್ಯೊನ್‌ಸುಕ್ ಅವನ್ನು ಕಾಪಾಡಿಕೊಂಡು ಬಂದಿದ್ದಳು.

"ಅದು ಸುಮ್ನೆ ನಿಂತಿರ್ಲಿಲ್ಲ, ಕೆಲಸ ಮಾಡ್ತಿತ್ತು" ಎಂದಳು. "ಈ ಮನೇಲಿ ಕೆಲಸ ಮಾಡ್ದೆ ನಿಂತಿರೋದು ಯಾವ್ದು ಅಂತ ತೋರಿಸ್ಲಾ?"

ನನಗೆ ನಿಜವಾಗಿಯೂ ಭಯವಾಯಿತು. ಕಿಮ್ಚಿಯ ವಿಷಯದಲ್ಲಿ ಅತ್ತೆ ಇದುವರೆಗೆ ಯಾರನ್ನೂ ಕ್ಷಮಿಸಿಲ್ಲ.

ಭಾನುವಾರ ಅತ್ತೆ ಡಬ್ಬಿ ತೆರೆದು ಒಂದು ಎಲೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಾನು ಬಾಗಿಲ ಹತ್ತಿರ ಸರಿದೆ.

"ನಮ್ಮಮ್ಮ ಮಣ್ಣಲ್ಲಿ ಹೂತಿಟ್ಟ ಗಡಿಗೇಲಿ ಇದೇ ಹುಳಿ ಇರ್ತಿತ್ತು ಕಣೇ. ಇದು ಯಾರ ಕೈಗುಣ?"

ಹಂದಿಮಾಂಸ ಹಾಕಿ ಅವರೇ ಸಾರು ಕುದಿಸಿದರು. ಎಲ್ಲರೂ ಎರಡೆರಡು ಬಟ್ಟಲು ಅನ್ನ ಹಾಕಿಸಿಕೊಂಡರು. ಅಮ್ಮನ ನೆನಪಾಗಿ ಅತ್ತೆಯ ಕಣ್ಣಲ್ಲಿ ನೀರು ಬಂತು. ನನ್ನ ಎದೆ ಎರಡು ಅಂಗುಲ ಉಬ್ಬಿತು.

"ನಂದೇ, ಅತ್ತೆ. ಆ ಯಂತ್ರ ದಂಡ ಅಂತ ನಾನು ಮೊದಲಿಂದ್ಲೂ ಹೇಳ್ತಿದ್ದೆ" ಎಂದೆ. (ಹೇಳಿರಲಿಲ್ಲ.)

"ಹೌದಾ? ಹಾಗಾದ್ರೆ ಅದನ್ನ ನಮ್ಮನೆಗೆ ಕಳಿಸಿಬಿಡಿ, ಮೀನು ಇಡೋಕಾಗತ್ತೆ. ನಿಮ್ಮ ಕಿಮ್ಚಿನ ಈ ಸಲ ನಮ್ಮ ಹಿತ್ತಲಲ್ಲಿ ಹೂಳೋಣ."

"ಗುಂಡಿ ತೋಡೋರು ಯಾರಮ್ಮ?" ಎಂದಳು ಹ್ಯೊನ್‌ಸುಕ್, ಬಹಳ ಮೆಲ್ಲಗೆ. ಎಲ್ಲರೂ ನನ್ನ ಕಡೆ ನೋಡಿದರು.

ಲಿಫ್ಟಿನಲ್ಲಿ ನನ್ನ ಹೆಸರು ಬಂತು. ಏಳನೇ ಮಹಡಿಯ ನನ್ನ ಎದುರಾಳಿ ಅದನ್ನು ನನ್ನ ಮುಂದೆಯೇ ಎರಡು ಸಲ ಓದಬೇಕಾಯಿತು. ಆ ಸುಖವನ್ನು ಯಾರೂ ಕಸಿಯಲಾರರು.

ಈಗ ಡಿಸೆಂಬರ್. ಮೂರು ಗುಂಡಿ ತೋಡಿ ಮುಗಿಸಿದ್ದೇನೆ. ಮನೆಯಲ್ಲಿ ಕಿಮ್ಚಿ ಮುಗಿದರೆ ಹ್ಯೊನ್‌ಸುಕ್ ಒಂದು ಮಾತು ಹೇಳುತ್ತಾಳೆ. ನಾನು ಎರಡು ಬಸ್ಸು ಬದಲಿಸಿ ಅತ್ತೆಯ ಹಿತ್ತಲಿಗೆ ಹೋಗಿ, ಹೆಪ್ಪುಗಟ್ಟಿದ ಮಣ್ಣು ಕೆದಕಿ ಕಿಮ್ಚಿ ತರುತ್ತೇನೆ. ನಮ್ಮ ಮನೆಯಲ್ಲಿ ಹಗಲೂ ರಾತ್ರಿ ಅಪ್ಪಣೆಗೆ ಕಾದು ನಿಂತಿರುವ ಯಂತ್ರ ಈಗ ನಾನೊಬ್ಬನೇ. ನನ್ನ ಪ್ಲಗ್ ಕೀಳಲು ಮಾತ್ರ ಯಾರೂ ಬರುವುದಿಲ್ಲ.