ಮನಃಪರೀಕ್ಷೆಗೆ ಮನೆಪಾಠ

ನಮ್ಮ ವಂಶದಲ್ಲಿ ಈವರೆಗೆ ಯಾರೂ ಯಾವ ಪರೀಕ್ಷೆಯಲ್ಲೂ ನಪಾಸಾಗಿಲ್ಲ. ನನ್ನ ತಮ್ಮ ಎರಡು ಸಲ ಆಗಿದ್ದಾನೆ ನಿಜ, ಆದರೆ ಅವನಿಗೆ ಸೋದರಮಾವನ ಹೋಲಿಕೆ! ಹಾಗಿರುವಾಗ ನನ್ನ ಆರು ವರ್ಷದ ಮಗಳು ಲೂಲಿಗೆ ಮನಃಪರೀಕ್ಷೆ ಮಾಡಿಸಬೇಕೆಂದು ಶಾಲೆಯಿಂದ ಚೀಟಿ ಬಂದರೆ ಹೇಗಾಗಬೇಡ? ಅಲೆಕ್ಸಾಂಡ್ರಿಯಾದ ಇಡೀ ಸಮುದ್ರ ಕೇಳುವಂತೆ ಬಾಲ್ಕನಿಯಲ್ಲಿ ನಿಂತು ಗುಡುಗಿದೆ: "ಈ ಪರೀಕ್ಷೇಲಿ ನನ್ನ ಮಗಳು ನೂರಕ್ಕೆ ನೂರು ತೆಗೀದಿದ್ರೆ ನಾನು ರುಶ್ದೀನೇ ಅಲ್ಲ!"

"ಮೊದಲು ಒಳಗೆ ಬನ್ನಿ. ಎದುರು ಮನೆಯೋರು ನೋಡ್ತಿದಾರೆ" ಎಂದಳು ಹೆಂಡತಿ ಇಬ್ತಿಸಾಮ್. ಇಬ್ತಿಸಾಮ್ ಎಂದರೆ ಮುಗುಳ್ನಗೆ. ಮದುವೆಯಾದಾಗಿನಿಂದ ಆ ನಗೆ ಹೆಸರಿನಲ್ಲಷ್ಟೇ ಉಳಿದಿದೆ.

ಚೀಟಿಯ ಒಕ್ಕಣೆ ಹೀಗಿತ್ತು: ನಿಮ್ಮ ಮಗಳು ಚೂಟಿ. ಆದರೆ ಹೆಸರು ಹಿಡಿದು ಎಷ್ಟು ಸಲ ಕರೆದರೂ ಓಗೊಡುವುದಿಲ್ಲ. ಎದುರಿಗೇ ನಿಂತು ಕರೆದರೂ ಕಲ್ಲಿನಂತೆ ಕೂತಿರುತ್ತಾಳೆ. ಮನಶ್ಶಾಸ್ತ್ರದ ಡಾಕ್ಟರ ಬಳಿ ಇಲ್ಲಿಂದಲೇ ಹೆಸರು ಬರೆಸಿದ್ದೇವೆ. ಗುರುವಾರ ಹತ್ತು ಗಂಟೆಗೆ ಮೊದಲ ಭೇಟಿ. ಅವರ ಪತ್ರ ತರುವವರೆಗೆ ಮಗುವನ್ನು ತರಗತಿಯಲ್ಲಿ ಕೂರಿಸಲಾಗದು. ಅಗತ್ಯವೆನಿಸಿದರೆ ಬೇರೆ ಬಗೆಯ ಶಾಲೆಗೆ ಕಳಿಸಬೇಕಾದೀತು.

ಬೇರೆ ಬಗೆಯ ಶಾಲೆ! ನನ್ನ ಲೂಲಿಗೆ! ಮೈಯೆಲ್ಲ ಉರಿದುಹೋಯಿತು. ಆ ಉರಿಯ ಕೆಳಗೆ ಒಂದು ಹೆದರಿಕೆಯೂ ಇತ್ತು, ಸುಳ್ಳೇಕೆ ಹೇಳಲಿ. ಇಬ್ತಿಸಾಮ್ ಆ ಚೀಟಿಯನ್ನು ಮಡಿಸಿ ಮಡಿಸಿ ಬೆರಳುಗುರಿನಷ್ಟು ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಕಿವೀಲಿ ಏನಾದ್ರೂ ತೊಂದ್ರೆ ಇರ್ಬಹುದೇನ್ರೀ?" ಎಂದಳು.

"ಈಗಲೇ ನೋಡೇಬಿಡೋಣ!"

ಲೂಲಿ ಮೂರು ಮಹಡಿ ಕೆಳಗೆ, ಬೀದಿಯಲ್ಲಿ ತರಕಾರಿ ಗಾಡಿಯ ಬಳಿ ನಿಂತಿದ್ದಳು. ನಾವು ಮೇಲಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿಗೆ ಟೊಮೆಟೊ ತುಂಬುವುದು ಅವಳ ಕೆಲಸ. ಟ್ರಾಮಿನ ಗಂಟೆ, ಗಾಡಿಯವನ ಕೂಗು, ಯಾರದೋ ಮದುವೆಯ ಡೋಲು. ಇಷ್ಟರ ನಡುವೆ ನಾನು ಬಾಲ್ಕನಿಯಿಂದ ಬಗ್ಗಿ, ಗುಟ್ಟು ಹೇಳುವಂತೆ "ಲೂಲಿ" ಎಂದೆ.

"ಏನಪ್ಪಾ?" ಎಂದು ತಟ್ಟನೆ ಮೇಲೆ ನೋಡಿದಳು!

"ನೋಡಿದ್ಯಾ? ನೋಡಿದ್ಯಾ? ಕಿವಿ ಅಂದ್ರೆ ಇದು! ಕಿವುಡು ಆ ಶಾಲೆಗೇ ಕಣೇ!" ಎಂದು ಕುಣಿದಾಡಿದೆ. ಆಮೇಲೆ ಬಾಗಿಲ ಹಿಂದಿನಿಂದ, ನೀರಿನ ಮನೆಯಿಂದ, ಮೂಗು ಹಿಡಿದುಕೊಂಡು, ಹೀಗೆ ಹನ್ನೊಂದು ಸಲ ಕರೆದೆವು. ಹನ್ನೊಂದು ಸಲವೂ ಓಗೊಟ್ಟಳು. ಹನ್ನೆರಡನೆಯ ಸಲ ಮಾತ್ರ "ನಿಮಗೇನಾಗಿದೆ?" ಎಂದು ಕೇಳಿದಳು.

ಇಬ್ತಿಸಾಮ್ ಡಾಕ್ಟರರ ಕಡೆಯವರಿಗೆ ಫೋನು ಮಾಡಿ ಏನೇನು ತಯಾರಿ ಬೇಕೆಂದು ವಿಚಾರಿಸಿದಳು.

"ಏನೂ ಬೇಡ್ವಂತೆ. ಮೊದಲನೇ ಸಲ ಬರೀ ಮಾತುಕತೆಯಂತೆ. ಮಗೂನ ಸುಮ್ನೆ ಹೇಗಿದಾಳೋ ಹಾಗೇ ಕರ್ಕೊಂಡು ಬನ್ನಿ ಅಂದ್ರು."

"ಹಾಗೆ ಹೇಳಿ ಹೇಳೀನೇ ಮಕ್ಕಳನ್ನ ನಪಾಸು ಮಾಡೋದು! ಈ ಊರಲ್ಲಿ ಮನೆಪಾಠ ಇಲ್ದೆ ಯಾವ ಮಗು ಯಾವ ಪರೀಕ್ಷೆ ಪಾಸು ಮಾಡಿದೆ, ಒಂದು ಹೆಸರು ಹೇಳು!"

ನಮ್ಮಲ್ಲಿ ಗಣಿತಕ್ಕೂ ಮನೆಪಾಠ, ಚಿತ್ರಕಲೆಗೂ ಮನೆಪಾಠ. ಮನಃಪರೀಕ್ಷೆಯೊಂದು ಯಾಕೆ ಅನಾಥವಾಗಬೇಕು?

ಮೇಲಿನ ಮಹಡಿಯ ಮಿತ್ವಲ್ಲೀ ಮೇಷ್ಟರನ್ನು ಗೊತ್ತುಮಾಡಿದೆ. ಅವರು ಕಲಿಸುವುದು ಭೂಗೋಳ. "ಮನಸ್ಸೂ ಒಂದು ಭೂಪ್ರದೇಶಾನೇ ಅಲ್ವೇ ರುಶ್ದೀ? ಗುಡ್ಡ ಇದೆ, ಹಳ್ಳ ಇದೆ" ಎಂದು ಧೈರ್ಯ ತುಂಬಿದರು. ಇಂಥ ಪರೀಕ್ಷೆಗಳಲ್ಲಿ ಶಾಯಿಯ ಕಲೆ ತೋರಿಸಿ ಏನೆಂದು ಕೇಳುತ್ತಾರಂತೆ. ಎಲ್ಲದಕ್ಕೂ 'ಚಿಟ್ಟೆ' ಎಂದುಬಿಟ್ಟರೆ ಪಾಸಂತೆ!

ಮೂರೇ ದಿನಗಳಲ್ಲಿ ಲೂಲಿ ಪಾರಂಗತಳಾದಳು. ನನ್ನ ಅಂಗಿಯ ಮೇಲೆ ಬೆಳಗಿನ ಬೇಳೆಯ ಕಲೆ ಕಂಡರೆ "ಚಿಟ್ಟೆ!" ಗೋಡೆಯ ಮೇಲಿನ ತೇವ "ದೊಡ್ಡ ಚಿಟ್ಟೆ!" ಇಬ್ತಿಸಾಮ್ ಮಾಡಿದ ಸೊಪ್ಪಿನ ಸಾರನ್ನು ನೋಡಿ "ಸತ್ತ ಚಿಟ್ಟೆ" ಎಂದಾಗ ಮಾತ್ರ ಮನೆಯಲ್ಲಿ ಸ್ವಲ್ಪ ಗಲಾಟೆಯಾಯಿತು.

ಮನೆಯ ವಿಚಾರದ ಪ್ರಶ್ನೆಗಳನ್ನು ನಾನೇ ಕಲಿಸಿದೆ.

"ನಿಮ್ಮ ತಂದೆ ಎಂಥವರು?"

"ನಮ್ಮ ತಂದೆ ಶಾಂತ ಸ್ವಭಾವದವರು. ಎಂದೂ ಕೂಗಾಡುವುದಿಲ್ಲ."

"ಜೋರಾಗಿ ಹೇಳೇ! ಶಾಂತ ಸ್ವಭಾವ! ಇನ್ನೂ ಎಷ್ಟು ಸಲ ಬಡ್ಕೋಬೇಕು ನಾನು?"

ನನ್ನ ತಾಯಿ ಏಳು ಸುತ್ತು ಧೂಪ ಹಾಕಿ ದೃಷ್ಟಿ ತೆಗೆದರು. "ಯಾರ ಕಣ್ಣು ಬಿತ್ತೋ ನನ್ನ ಕಂದನ ಮೇಲೆ! ಆ ಟೀಚರಮ್ಮನ ಕಣ್ಣೇ ಇರ್ಬೇಕು" ಎಂದು ಲಟಿಕೆ ಮುರಿದರು. ಹೊಗೆಗೆ ಇಡೀ ಕಟ್ಟಡ ಕೆಮ್ಮಿತು.

ಗುರುವಾರ ಒಂಬತ್ತೂವರೆಗೇ ಹೋಗಿ ಕೂತೆವು. ಲೂಲಿ ಹಬ್ಬದ ಲಂಗದಲ್ಲಿ, ನಾನು ಮದುವೆಯ ಕೋಟಿನಲ್ಲಿ. ಕೋಟಿನ ಗುಂಡಿ ಹಾಕಿದರೆ ಉಸಿರು ಸಿಗುತ್ತಿರಲಿಲ್ಲ, ತೆಗೆದರೆ ಮರ್ಯಾದೆ ಸಿಗುತ್ತಿರಲಿಲ್ಲ. ಕೋಣೆಯ ತುಂಬ ತಂದೆತಾಯಂದಿರು, ಮಕ್ಕಳು.

ಹತ್ತಕ್ಕೆ ಸರಿಯಾಗಿ ನರ್ಸಮ್ಮ ಬಾಗಿಲು ತೆರೆದು ಕೂಗಿದಳು: "ತಫೀದಾ!"

ಯಾರೂ ಏಳಲಿಲ್ಲ.

"ತಫೀದಾ ಯಾರ್ರೀ?"

ಉಹೂಂ. ಬಾಗಿಲು ಮುಚ್ಚಿತು. ಬೇರೆ ಮಗು ಒಳಗೆ ಹೋಯಿತು. ಕಾಲು ಗಂಟೆಗೆ ಮತ್ತೆ, "ತಫೀದಾ ಬಂದಿದಾಳಾ?" ಮತ್ತೆ ಇನ್ನೊಂದು ಮಗು ಹೋಯಿತು. ನನ್ನ ಪಿತ್ತ ನೆತ್ತಿಗೇರತೊಡಗಿತು. ನಾನು ಪಿಂಚಣಿ ಕಚೇರಿಯ ಕಿಟಕಿಯಲ್ಲಿ ಕೂತು ಹತ್ತೊಂಬತ್ತು ವರ್ಷ ಹೆಸರು ಕೂಗಿದವನು. ಎರಡು ಸಲಕ್ಕೆ ಬಾರದವರ ಕಡತವನ್ನು ಅಡಿಗೆ ತಳ್ಳಿ ಕೂರುವುದು ನನ್ನ ಪದ್ಧತಿ!

ಮೂರನೆಯ ಸಲ "ತಫೀದಾ!" ಎಂದಾಗ ಎದ್ದು ನಿಂತೇಬಿಟ್ಟೆ.

"ಅಲ್ಲಮ್ಮಾ, ಹತ್ತು ಗಂಟೆ ಅಂತ ನಾವು ಬಂದು ಕೂತಿದೀವಿ, ನೀವು ಬಾರದೇ ಇರೋರನ್ನ ಬಡ್ಕೊಳ್ತಿದೀರಾ! ಯಾರ್ರೀ ಅದು, ಈ ತಫೀದಾನ ಹೆತ್ತೋರು? ಮಗು ಹೆಸರು ಕೂಗಿದ್ರೆ ಏಳೋಕಾಗದ ಇಂಥೋರಿಗೆ ಮಕ್ಕಳು ಬೇರೆ ಕೇಡು! ಅದೂ ಹೆಸರು ನೋಡಿ! ಈ ಕಾಲದಲ್ಲಿ ಎಳೇ ಕೂಸಿಗೆ ಓಬೀರಾಯನ ಕಾಲದ ಹೆಸರಿಟ್ಟ ಆ ಪುಣ್ಯಾತ್ಮ ಯಾರು ಅಂತೀನಿ!"

"ನಿಜ, ನಿಜ" ಎಂದು ಕೋಣೆಯೆಲ್ಲ ತಲೆದೂಗಿತು. ಒಬ್ಬಾತ "ಭೇಷ್!" ಎಂದ.

ಅಷ್ಟರಲ್ಲಿ ಇಬ್ತಿಸಾಮ್ ನನ್ನ ಕೋಟಿನ ತುದಿ ಹಿಡಿದು ಎಳೆದಳು. ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು.

"ಏನ್ರೀ... ನಿಮ್ಮಮ್ಮನ ಹೆಸರೇನು?"

"ನಾಲ್ಕು ಜನರ ಮುಂದೆ ಹೆತ್ತ ತಾಯಿ ಹೆಸರು ಹೇಳ್ತಾರೇನೇ? ಅಮ್ಮನ ಹೆಸರು ಅಮ್ಮ!"

"ಮನಸ್ಸಲ್ಲೇ ಹೇಳ್ಕೊಳ್ಳಿ. ಒಂದು ಸಲ."

ಹೇಳಿಕೊಂಡೆ. ಕೂತುಬಿಟ್ಟೆ. ಕೋಟಿನ ಗುಂಡಿ ಕಿತ್ತು ಹೋಗಿ ಯಾರದೋ ಮಡಿಲಿಗೆ ಬಿತ್ತು.

ಆ ಪುಣ್ಯಾತ್ಮ ನಾನೇ! ಲೂಲಿ ಹುಟ್ಟಿದಾಗ ಇಬ್ತಿಸಾಮ್ ಹಾಸಿಗೆಯಲ್ಲಿದ್ದ ಹೊತ್ತು ನೋಡಿ ದಾಖಲೆ ಕಚೇರಿಗೆ ಓಡಿ, ತಾಯಿಯ ಹೆಸರನ್ನೇ ಮಗಳಿಗೆ ಬರೆಸಿ ಬಂದಿದ್ದೆ. ಇಬ್ತಿಸಾಮ್ ಜಗಳವಾಡಲಿಲ್ಲ. ಮಗುವನ್ನು ಮನಸಾರೆ ಹೆಸರು ಹಿಡಿದೇ ಕರೆದಳು! "ಅಯ್ಯೋ ಗಲೀಜು ತಫೀದಾ!" "ಎಷ್ಟು ಅಳ್ತೀಯೇ ತಫೀದಾ, ಬಾಯಿ ಮುಚ್ಚು!" "ಮೂರು ಹೊತ್ತೂ ತಿನ್ನೋದೇ ಆಯ್ತಲ್ಲ ತಫೀದಾ!" ಪಕ್ಕದ ಕೋಣೆಯಲ್ಲಿ ಜಪಮಾಲೆ ಹಿಡಿದು ಕೂತಿದ್ದ ನನ್ನ ತಾಯಿಗೆ ಎಂಟನೆಯ ದಿನಕ್ಕೆ ತಡೆಯಲಾಗಲಿಲ್ಲ. "ಇನ್ಮೇಲೆ ಈ ಮನೇಲಿ ಮಗೂನ ಯಾರಾದ್ರೂ ಆ ಹೆಸರಲ್ಲಿ ಕರೆದ್ರೆ ನಾನು ಮಗಳ ಮನೆಗೆ ಹೋಗ್ತೀನಿ!" ಎಂದು ಅಪ್ಪಣೆ ಮಾಡಿದರು. ಅಂದಿನಿಂದ ಅವಳು ಲೂಲಿ. ಅಜ್ಜಿಗೂ ಲೂಲಿ, ಬೀದಿಗೂ ಲೂಲಿ. ಶಾಲೆಯ ಹಾಜರಿ ಪುಸ್ತಕಕ್ಕೆ ಮಾತ್ರ ಈ ಸಂಗತಿ ತಿಳಿದಿರಲಿಲ್ಲ.

"ತಫೀದಾ, ಕೊನೇ ಸಲ!" ಎಂದು ನರ್ಸಮ್ಮ ಕೂಗಿದಳು.

"ಬಂದ್ವಿ" ಎಂದೆ. ನನ್ನ ಗಂಟಲಿನಲ್ಲಿ ಅಷ್ಟು ಸಣ್ಣ ದನಿಯೂ ಇದೆಯೆಂದು ಅಂದೇ ಗೊತ್ತಾದದ್ದು. 'ಭೇಷ್' ಎಂದಾತ ನನ್ನ ಗುಂಡಿಯನ್ನು ಮಾತಿಲ್ಲದೆ ಕೈಗಿತ್ತ.

ಒಳಗೆ ಡಾಕ್ಟರಮ್ಮ ನಮ್ಮ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿದರು. ತುಟಿ ಕಚ್ಚಿಕೊಂಡು ಎರಡು ಸಲ ಕಿಟಕಿಯ ಕಡೆ ತಿರುಗಿದರು. ಆಮೇಲೆ ಹೊರಗೆ ನರ್ಸಮ್ಮನ ಬಳಿ ಬಿಟ್ಟಿದ್ದ ಲೂಲಿಯನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡರು.

"ಪುಟ್ಟಾ, ಶಾಲೇಲಿ ಟೀಚರು ತಫೀದಾ ಅಂತ ಕರೀತಾರಲ್ಲ, ಅದು ಯಾರು ಗೊತ್ತಾ?"

"ಓ, ಗೊತ್ತು! ನಮ್ಮ ಕ್ಲಾಸಿನ ಹುಡುಗಿ. ದಿನಾ ಕರೀತಾರೆ, ಒಂದಿನಾನೂ ಬಂದಿಲ್ಲ."

"ಟೀಚರು ನಿನ್ನ ಮುಂದೇನೇ ನಿಂತು ಕರೀತಾರಂತೆ?"

"ಹೂಂ. ಪಾಪ, ಅವರಿಗೆ ಮೆಳ್ಳೆಗಣ್ಣು ಅನ್ಸತ್ತೆ. ನನ್ನ ನೋಡ್ಕೊಂಡು ಅವಳನ್ನ ಕರೀತಾರೆ. ನಾನೇನೂ ಹೇಳಕ್ಕೆ ಹೋಗಲ್ಲ, ಬೇಜಾರಾಗತ್ತೆ ಅವರಿಗೆ."

ನಾನು ನಕ್ಕುಬಿಟ್ಟೆ. ಗೆದ್ದೆನೆಂದೇ ನಕ್ಕೆ. ಬೇರೆ ಶಾಲೆಯ ಮಾತು ಅಲ್ಲಿಗೆ ಮುಗಿಯಿತು! ಡಾಕ್ಟರಮ್ಮ ಪತ್ರ ಬರೆಯಲು ಪೆನ್ನು ತೆಗೆದರು. ಲೂಲಿ ಮಾತ್ರ ಇನ್ನೂ ಮಾತು ಮುಗಿಸಿರಲಿಲ್ಲ.

"ನಾನು ಬೆಂಚಲ್ಲಿ ಅವಳಿಗೆ ಜಾಗ ಬಿಟ್ಟು ಕೂತ್ಕೊತೀನಿ. ಅರ್ಧ ರೊಟ್ಟೀನೂ ಇಟ್ಟಿರ್ತೀನಿ. ಇವತ್ತು ಇಲ್ಲೂ ಕರೆದ್ರಲ್ಲ, ಅವಳು ಬರ್ತಾಳೇನೋ ಅಂತ ಬಾಗಿಲನ್ನೇ ನೋಡ್ತಿದ್ದೆ. ಆದ್ರೆ ಅಪ್ಪ ಎದ್ದು ನಿಂತು ಅವಳ ಅಪ್ಪನಿಗೆ ಚೆನ್ನಾಗಿ ಬೈದ್ರು."

ಎಂದವಳೇ ನನ್ನ ಕಡೆ ತಿರುಗಿ, ನನ್ನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಅಪ್ಪಾ, ಅವಳ ಅಪ್ಪ ಸಿಗದಿದ್ರೆ ಅವಳನ್ನ ನಮ್ಮನೇಲೇ ಇಟ್ಕೊಳ್ಳೋಣ್ವಾ? ನೀವಾದ್ರೆ ಅವಳ ಹೆಸರು ಮರೆಯಲ್ಲ."