ಹಾರನ್ ಒತ್ತಿದರೆ ಬ್ರೇಕ್ ಲೈಟು

ಮಗ್ಗ ರಿಪೇರಿ ಮಾಡಬಲ್ಲವನು ಮೋಟಾರ್ ಸೈಕಲ್ ರಿಪೇರಿ ಮಾಡಲಾರನೇ? ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡೆ. ಉತ್ತರವನ್ನೂ ನಾನೇ ಕೊಟ್ಟುಕೊಂಡೆ. ಬೇರೆ ಯಾರನ್ನಾದರೂ ಕೇಳಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿದ್ದ ನಮ್ಮ ಮಾವನವರ ಬಳಿ ಒಂದು ಕಪ್ಪು ಮೋಟಾರ್ ಸೈಕಲ್ ಇತ್ತು. ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗಿಬರಲು ಹೊಸದನ್ನೇ ಕೊಂಡದ್ದು. ಹದಿನೈದು ವರ್ಷದಲ್ಲಿ ಒಂದು ದಿನವೂ ದಾರಿಯಲ್ಲಿ ಕೈಕೊಟ್ಟಿರಲಿಲ್ಲ. ಕೊನೆಗೆ ಕೈಕೊಟ್ಟಿದ್ದು ಗಾಡಿಯಲ್ಲ, ಮಾವನವರ ಮೊಣಕಾಲು. ಕಿಕ್ ಹೊಡೆಯಲು ಆಗದಾಯಿತು. ಅವರಿಗೆ ಗಂಡುಮಕ್ಕಳಿಲ್ಲ. ಅಳಿಯಂದಿರು ಇಬ್ಬರು. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡಿದ್ದ ನಾನು ದೊಡ್ಡವನು. ಚಿಕ್ಕವನು ನನ್ನ ಷಡ್ಡಕ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ, ಪ್ಯಾಂಟಿಗೆ ಇಸ್ತ್ರಿ ಆಗದೆ ಹೊಸ್ತಿಲು ದಾಟದ ಮನುಷ್ಯ. ಇಬ್ಬರ ಕಣ್ಣೂ ಆ ಗಾಡಿಯ ಮೇಲೆ.

ಒಂದು ದಿನ ಮಾವನವರು ಯಾರದೋ ಕೈಯಲ್ಲಿ ಗಾಡಿ ಓಡಿಸಿಕೊಂಡು, ಹಿಂದೆ ಕುಳಿತು, ನಮ್ಮನೆಗೆ ಬಂದರು. ಕಾಫಿ ಲೋಟ ಕೆಳಗಿಟ್ಟು ತೀರ್ಪು ಹೇಳಿದರು.

“ಗಾಡಿಗೆ ಹದಿನೈದ್ ವರ್ಷ ತುಂಬ್ತು ಅಳಿಯಂದ್ರೇ. ಇನ್ಮೇಲೆ ಓಡಿಸ್ಬೇಕಂದ್ರೆ ಆರ್.ಟಿ.ಓ. ಇನ್‌ಸ್ಪೆಕ್ಟ್ರು ನೋಡಿ, ಗಾಡಿ ಗಟ್ಟಿಯಾಗೈತೆ ಅಂತ ಎಫ್.ಸಿ. ಕೊಡ್ಬೇಕಂತೆ. ನಂದೊಂದೇ ಮಾತು. ಯಾರು ಪಾಸ್ ಮಾಡಿಸ್ತಾರೋ ಗಾಡಿ ಅವರ ಹೆಸ್ರಿಗೆ. ನೀವು ದೊಡ್ಡೋರು, ಮೊದ್ಲು ನಿಮ್ಗೇ ಛಾನ್ಸು.”

“ಫೇಲಾದ್ರೆ?” ಎಂದಳು ನನ್ನ ಹೆಂಡತಿ ರತ್ನ. ಗಂಡನ ಮೇಲೆ ಅವಳಿಗೆ ಅಷ್ಟು ನಂಬಿಕೆ!

“ಫೇಲಾದ್ರೆ ಚಿಕ್ಕೋರಿಗೆ.”

ನನಗೆ ಕೊಂಚವೂ ಭಯವಾಗಲಿಲ್ಲ. ನಾನು ಮೂವತ್ತನೇ ವಯಸ್ಸಿನಲ್ಲಿ, ಹಗಲು ಮಗ್ಗ ಓಡಿಸಿ ಸಂಜೆ ಟ್ಯೂಶನ್ನಿಗೆ ಹೋಗಿ, ಮೀಸೆ ಹೊತ್ತುಕೊಂಡು ಹುಡುಗರ ಮಧ್ಯೆ ಕುಳಿತು ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ಪರೀಕ್ಷೆ ಎಂದರೆ ಹೇಗೆ ಎದುರಿಸಬೇಕೆಂದು ಬಲ್ಲೆ. ಮೊದಲು ಸಿಲಬಸ್ ತಿಳಿಯಬೇಕು. ಬಸ್ ಸ್ಟ್ಯಾಂಡಿನ ಪಕ್ಕದ ಮೆಕ್ಯಾನಿಕ್ ಬಾಷಾಭಾಯ್ ಹತ್ತಿರ ನೋಟ್‌ಬುಕ್ಕು, ಪೆನ್ನು ಹಿಡಿದು ಹೋದೆ.

“ಎರಡ್ ದಿನ ಗಾಡಿ ಬಿಟ್ಟೋಗಿ ಅಣ್ಣ, ನಾನೇ ಎಲ್ಲಾ ರೆಡಿ ಮಾಡ್ತೀನಿ,” ಎಂದ ಆತ.

“ಬೇಡ ಭಾಯ್. ಇನ್‌ಸ್ಪೆಕ್ಟ್ರು ಏನೇನ್ ನೋಡ್ತಾರೆ, ಅಷ್ಟ್ ಹೇಳಿ ಸಾಕು.”

ಆತ ನನ್ನನ್ನು ಒಂದು ಕ್ಷಣ ಕನಿಕರದಿಂದ ನೋಡಿದ. “ಹಾರನ್ ಹೊಡೀಬೇಕು. ಹೆಡ್‌ಲೈಟ್ ಉರೀಬೇಕು. ಬ್ರೇಕ್ ಹಿಡೀಬೇಕು, ಬ್ರೇಕ್ ಲೈಟ್ ಹತ್ಬೇಕು. ಟೈರ್ ಬೋಳಾಗಿರ್ಬಾರ್ದು. ಹೊಗೆ ಬರ್ಬಾರ್ದು. ಚಾಸಿ ನಂಬರ್ ಕ್ಲೀನಾಗಿ ಕಾಣ್ಬೇಕು. ಅಷ್ಟೇ ಅಣ್ಣ.”

ಎಲ್ಲ ಬರೆದುಕೊಂಡೆ. ‘ಚಾಸಿ ನಂಬರ್’ ಎಂದರೆ ಏನೆಂದು ಕೇಳಲು ಬಾಯಿ ತೆರೆದೆ. ಹತ್ತು ಜನರ ಮುಂದೆ ಎಸ್ಸೆಸ್ಸೆಲ್ಸಿ ಪಾಸಾದವನು ಕೇಳುವುದು ಹೇಗೆ? ಗಾಡಿಯಲ್ಲಿ ನಂಬರ್ ಇರುವುದು ನಂಬರ್ ಪ್ಲೇಟಿನಲ್ಲಿ. ಇಂಗ್ಲಿಷಿನಲ್ಲಿ ಅದನ್ನೇ ಚಾಸಿ ಎನ್ನುತ್ತಾರೆ ಎಂದು ತೀರ್ಮಾನಿಸಿ ಮನೆಗೆ ಬಂದೆ.

ಮಾವನವರು ಬಿಟ್ಟುಹೋದ ಗಾಡಿಯನ್ನು ಮಗ್ಗದ ಮನೆಗೆ ತಳ್ಳಿಕೊಂಡು ಹೋಗಿ ಒಂದೊಂದೇ ಪರೀಕ್ಷಿಸಿದೆ. ಬ್ರೇಕು ಹಿಡಿಯಿತು. ಟೈರು ಚೆನ್ನಾಗಿತ್ತು. ಹೆಡ್‌ಲೈಟು ಉರಿಯಿತು. ಹಾರನ್ ಮಾತ್ರ ಒಮ್ಮೆ ಹೊಡೆದರೆ ಒಮ್ಮೆ ಇಲ್ಲ. ಎಲ್ಲೋ ಎಳೆ ಸಡಿಲವಾಗಿದೆ! ಹರಿದ ಎಳೆ ಹುಡುಕಿ ಗಂಟು ಹಾಕುವುದರಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಸೀರೆಯಲ್ಲಿ ನಾನು ಹಾಕಿದ ಗಂಟನ್ನು ಉಟ್ಟವರೂ ಕಂಡಿಲ್ಲ, ಮಾರಿದವರೂ ಕಂಡಿಲ್ಲ. ಹೆಡ್‌ಲೈಟಿನ ಡೂಮು ಬಿಚ್ಚಿ, ಒಳಗಿದ್ದ ವೈರುಗಳನ್ನೆಲ್ಲ ಹೊರಗೆಳೆದೆ. ಸಡಿಲವಾಗಿದ್ದದ್ದು ಒಂದು. ನಾನು ಎಳೆದ ರಭಸಕ್ಕೆ ಕಿತ್ತು ಬಂದದ್ದು ಮೂರು.

ಇರಲಿ. ನಾಲ್ಕಕ್ಕೂ ಸಿಪ್ಪೆ ಸುಲಿದು, ನೇಕಾರರ ಗಂಟು ಹಾಕಿ, ಪ್ಲಾಸ್ಟರ್ ಸುತ್ತಿದೆ. ಯಾವುದು ಕೆಂಪು, ಯಾವುದು ನೀಲಿ ಎನ್ನುವುದು ಹದಿನೈದು ವರ್ಷದ ಜಿಡ್ಡಿನಲ್ಲಿ ಗೊತ್ತಾಗುತ್ತಿರಲಿಲ್ಲ. ಉದ್ದ ನೋಡಿ ಜೋಡಿ ಮಾಡಿದೆ. ಹೊಂದಾಣಿಕೆ ಮುಖ್ಯ!

ಹಾರನ್ ಒತ್ತಿದೆ. ಸದ್ದಿಲ್ಲ.

ಲಾಳಿಗೆ ನೂಲು ಸುತ್ತುತ್ತ ಹಿಂದೆ ಕುಳಿತಿದ್ದ ರತ್ನ, “ರೀ, ಹಿಂದ್ಗಡೆ ಕೆಂಪು ಲೈಟ್ ಹತ್ತೈತೆ!” ಎಂದಳು.

ಅನುಮಾನದಿಂದ ಬ್ರೇಕ್ ತುಳಿದೆ. “ಪೀಂ...!” ಎಂದಿತು ಹಾರನ್.

“ಸರೋಯ್ತು. ಬಾಷಾಭಾಯ್‌ಗೆ ಕೊಡ್ರಿ ಅಂದ್ರೆ ಕೇಳಲ್ಲ ನೀವು.”

“ಲೇ, ಇದ್ರಲ್ಲಿ ಏನೇ ತಪ್ಪೈತೆ? ಹಾರನ್ನೂ ಹೊಡೀತೈತೆ, ಲೈಟೂ ಹತ್ತುತ್ತೈತೆ. ಜಾಗ ಬದ್ಲು, ಅಷ್ಟೇ.”

“ಇನ್‌ಸ್ಪೆಕ್ಟ್ರು ಹಾರನ್ ಹೊಡಿ ಅಂದ್ರೆ?”

“ಬ್ರೇಕ್ ತುಳೀತೀನಿ.”

“ಬ್ರೇಕ್ ಲೈಟ್ ತೋರ್ಸು ಅಂದ್ರೆ?”

“ಹಾರನ್ ಒತ್ತೀನಿ.”

ರತ್ನ ನೂಲು ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಮತ್ತೆ ಸುತ್ತತೊಡಗಿದಳು. ನಾನು ‘ಹಾರನ್ನಿಗೆ ಕಾಲು, ಬ್ರೇಕ್ ಲೈಟಿಗೆ ಕೈ’ ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ.

ಇನ್ನು ಉಳಿದಿದ್ದು ಅಂದಚೆಂದ. ಅಕ್ಷರ ನೀಟಾಗಿದ್ದರೆ ಉತ್ತರ ಓದದೆ ಐದು ಮಾರ್ಕು ಬೀಳುತ್ತದೆ ಎಂದು ನಮ್ಮ ಟ್ಯೂಶನ್ ಮೇಷ್ಟ್ರು ಹೇಳುತ್ತಿದ್ದರು. ಗಾಡಿಯ ಕಪ್ಪು ಬಣ್ಣ ಅಲ್ಲಲ್ಲಿ ಎದ್ದಿತ್ತು. ಆಯುಧಪೂಜೆಗೆ ಮಗ್ಗಗಳಿಗೆ ಬಳಿದು ಉಳಿದ ಹಸಿರು ಬಣ್ಣ ಮೂಲೆಯಲ್ಲಿತ್ತು. ಡಬ್ಬದಲ್ಲಿ ಗಸಿ ಕಟ್ಟಿತ್ತು. ಸೀಮೆಎಣ್ಣೆ ಸುರಿದು ಕಲಕಿ ತೆಳ್ಳಗೆ ಮಾಡಿಕೊಂಡೆ. ಟ್ಯಾಂಕು, ಮಡ್‌ಗಾರ್ಡು, ಫ್ರೇಮು, ಕಂಡದ್ದಕ್ಕೆಲ್ಲ ಬಳಿದೆ. ಹ್ಯಾಂಡಲ್ಲಿನ ಕೆಳಗೆ ಫ್ರೇಮಿನ ಮೇಲೆ ಯಾರೋ ಮೊಳೆಯಲ್ಲಿ ಗೀಚಿದ ಹಾಗೆ ಒರಟಾಗಿತ್ತು. ನೋಡಲು ಅಸಹ್ಯ. ಡಬ್ಬದ ತಳದ ಗಸಿಯನ್ನು ಅಲ್ಲಿಗೆ ಮೆತ್ತಿ, ಮೇಲೆ ಇನ್ನೆರಡು ಕೋಟು ಕೊಟ್ಟು ಕನ್ನಡಿಯಂತೆ ನುಣುಪು ಮಾಡಿದೆ. ನಂಬರ್ ಪ್ಲೇಟಿನ ಅಂಕಿಗಳನ್ನು ಮಾತ್ರ ಬಿಳಿ ಬಣ್ಣದಲ್ಲಿ ದುಂಡಗೆ ತಿದ್ದಿದೆ. ಚಾಸಿ ನಂಬರ್ ಕ್ಲೀನಾಗಿ ಕಾಣಬೇಕಲ್ಲ!

ಇನ್‌ಸ್ಪೆಕ್ಟರು ತಿಂಗಳಿಗೊಮ್ಮೆ ನಮ್ಮೂರಿನ ಮೈದಾನಕ್ಕೇ ಕ್ಯಾಂಪ್ ಬರುತ್ತಿದ್ದರು. ಮಾರನೆಯ ದಿನವೇ ಕ್ಯಾಂಪು. ಗಾಡಿಗೆ ಧೂಳು ಕೂರಬಾರದೆಂದು ಹತ್ತದೆ, ಹ್ಯಾಂಡಲ್ ಹಿಡಿದು ತಳ್ಳಿಕೊಂಡೇ ಹೋದೆ. ಮಾವನವರು ನೇರ ಅಲ್ಲಿಗೇ ಬಂದಿದ್ದರು. ಗಾಡಿ ಅವರ ಹೆಸರಿನಲ್ಲಿದ್ದುದರಿಂದ ಅವರ ರುಜು ಬೇಕಿತ್ತು. ನನ್ನನ್ನು ನೋಡಿ, “ಅಳಿಯಂದ್ರೇ, ನಮ್ ಗಾಡಿ ಎಲ್ಲಿ?” ಎಂದರು.

“ಇದೇ ಮಾವ!”

ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಸಂತೋಷಕ್ಕೆ ಮಾತು ಹೊರಡಲಿಲ್ಲವೆಂದು ನಾನು ಭಾವಿಸಿದೆ.

ಇನ್‌ಸ್ಪೆಕ್ಟರು ಖಾಕಿ ಉಡುಪಿನ, ಮಾತು ಕಡಿಮೆಯ ಮನುಷ್ಯ. “ಹಾರನ್,” ಎಂದರು. ನಾನು ಸೀಟಿನ ಪಕ್ಕ ನಿಂತು ಕಾಲು ಚಾಚಿ ಬ್ರೇಕ್ ಒತ್ತಿದೆ. “ಪೀಂ!” “ಬ್ರೇಕ್ ಲೈಟ್,” ಎಂದರು. ಬಟನ್ ಒತ್ತಿದೆ. ಹಿಂದೆ ಕೆಂಪಗೆ ಹತ್ತಿತು. ಅವರು ತಲೆಯಾಡಿಸಿದರು. ನನ್ನ ಎದೆ ಉಬ್ಬಿತು. ಗಾಡಿ ನನ್ನದಾಯಿತು! ಷಡ್ಡಕ ಬಸ್ಸಿಗೆ ಕಾಯುತ್ತಿರುವಾಗ ಎದುರಿಗೇ ಹೋಗಿ ‘ಡ್ರಾಪ್ ಕೊಡ್ಲೇನಪ್ಪಾ’ ಎನ್ನುವ ದೃಶ್ಯವೂ ಕಣ್ಣ ಮುಂದೆ ಬಂತು.

“ಪಕ್ಕಕ್ಕೆ ಬನ್ನಿ. ನಾನೇ ಒಂದ್ ರೌಂಡ್ ಹೋಗ್ಬರ್ತೀನಿ,” ಎಂದರು ಇನ್‌ಸ್ಪೆಕ್ಟರು.

ಇದು ಸಿಲಬಸ್ಸಿನಲ್ಲಿರಲಿಲ್ಲ!

“ಸಾರ್, ನಾನೇ ಓಡಿಸಿ ತೋರಿಸ್ತೀನಿ ಸಾರ್...” ಎನ್ನುವಷ್ಟರಲ್ಲಿ ಅವರು ಹತ್ತಿ, ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ಹೊರಟೇಬಿಟ್ಟರು. ಮೈದಾನದ ಆ ತುದಿಯಲ್ಲಿ ಒಂದು ಎಮ್ಮೆ ಅಡ್ಡ ನಿಂತಿತ್ತು. ಅವರು ಹಾರನ್ ಒತ್ತಿದರು. ಎಮ್ಮೆ ಇದ್ದದ್ದು ಮುಂದೆ, ಲೈಟು ಹತ್ತಿದ್ದು ಹಿಂದೆ. ಅದಕ್ಕೇನು ತಿಳಿಯಬೇಕು? ಹತ್ತಿರವಾದಾಗ ಬ್ರೇಕ್ ತುಳಿದರು. “ಪೀಂ...!” ಹಿಂದೆ ಯಾವುದೋ ಗಾಡಿ ಬಂತೆಂದು ಅವರು ಎಡಕ್ಕೆ ಸರಿದು, ಹೋಗಿ ಎಂದು ಕೈ ಬೀಸಿದರು. ಯಾರೂ ಹೋಗಲಿಲ್ಲ. ಮತ್ತೆ ಬ್ರೇಕ್. ಮತ್ತೆ “ಪೀಂ!” ಮತ್ತೆ ಕೈ ಬೀಸಿದರು. ಮೂರನೇ ಸಲ ತಿರುಗಿ ನೋಡಿದರು. ಹಿಂದೆ ಇದ್ದವರು ಬಹಳ ದೂರದಲ್ಲಿ ನಾನು, ಮಾವನವರು.

“ಅವ್ರು ಯಾರಿಗ್ ಕೈ ಬೀಸ್ತಾವ್ರೆ?” ಎಂದರು ಮಾವ.

“ನಮಗೇ ಇರ್ಬೇಕು ಮಾವ,” ಎಂದು ನಾನೂ ಕೈ ಬೀಸಿದೆ.

ವಾಪಸು ಬಂದು ಇಳಿದರು. ಸೀಮೆಎಣ್ಣೆ ಬೆರೆಸಿದ ಬಣ್ಣ ಒಂದು ರಾತ್ರಿಗೆ ಒಣಗುವುದಿಲ್ಲ ಎಂಬ ವೈಜ್ಞಾನಿಕ ಸತ್ಯ ನನಗೆ ತಿಳಿದದ್ದು ಆಗಲೇ. ಟ್ಯಾಂಕನ್ನು ಅಪ್ಪಿ ಹಿಡಿದಿದ್ದ ಅವರ ಖಾಕಿ ಪ್ಯಾಂಟಿನ ಎರಡು ಮೊಣಕಾಲಿಗೂ ಒಳಗಡೆ ಎಲೆಹಸಿರು! ಅವರು ಕೆಳಗೆ ನೋಡಿಕೊಂಡರು. ನನ್ನನ್ನು ನೋಡಿದರು. ಆರ್.ಸಿ. ಪುಸ್ತಕ ಬಿಡಿಸಿದರು.

“ಬಣ್ಣ ಕಪ್ಪು ಅಂತಿದೆ ಇಲ್ಲಿ. ಇದು?”

“ಹಸಿರು ಸಾರ್.”

“ಅದು ನನ್ ಪ್ಯಾಂಟಲ್ಲೇ ಕಾಣ್ತಿದೆ. ಚಾಸಿ ನಂಬರ್ ಎಲ್ಲಿ?”

ನಾನು ಹೆಮ್ಮೆಯಿಂದ ನಂಬರ್ ಪ್ಲೇಟು ತೋರಿಸಿದೆ. ಇನ್‌ಸ್ಪೆಕ್ಟರು ಒಂದು ದೀರ್ಘ ಉಸಿರು ಬಿಟ್ಟರು. “ಅದಲ್ಲ ಕಣ್ರೀ. ಹ್ಯಾಂಡಲ್ ಕೆಳಗೆ, ಫ್ರೇಮಿನ ಮೇಲೆ ಕೆತ್ತಿರ್ತಾರಲ್ಲ, ಅದು.”

ಮೊಳೆಯಲ್ಲಿ ಗೀಚಿದ್ದು! ನನ್ನ ನಾಲಿಗೆ ಒಣಗಿತು. ಒಣಗಬೇಕಾದ ಬಣ್ಣ ಒಣಗಿರಲಿಲ್ಲ. ಮಾವನವರು ಕೈಗೆ ಸಿಕ್ಕ ಕಡ್ಡಿಯಿಂದ ಕೆರೆದರು. ಗಸಿಯ ಕೆಳಗೆ ಗಸಿ ಬಂತೇ ಹೊರತು ನಂಬರು ಬರಲಿಲ್ಲ.

“ಬಣ್ಣ ಬೇರೆ, ನಂಬರ್ ಇಲ್ಲ. ಪುಸ್ತಕದಲ್ಲಿರೋ ಗಾಡಿ ಇದೇ ಅಂತ ನಾನ್ ಹೆಂಗ್ ನಂಬ್ಲಿ? ಯಜಮಾನ್ರೇ, ಇದು ನಿಮ್ ಗಾಡಿನಾ?”

ಮಾವನವರು ಸುಳ್ಳು ಹೇಳುವವರಲ್ಲ. ಗಾಡಿಯನ್ನು ಒಂದು ಸುತ್ತು ಬಂದು, ಗಂಭೀರವಾಗಿ ಹೇಳಿದರು: “ನಂದೇ ಅಂತ ಅಳಿಯಂದ್ರು ಹೇಳ್ತಾವ್ರೆ ಸ್ವಾಮಿ.”

ಫೇಲು!

ಕಾಗದದ ಮೇಲೆ ಗೀಚುತ್ತ ಇನ್‌ಸ್ಪೆಕ್ಟರು ಅಂದ ಮಾತು ಫೇಲಿಗಿಂತ ಹೆಚ್ಚು ಉರಿಯಿತು. “ಎಂಜಿನ್ ಫಸ್ಟ್ ಕ್ಲಾಸಾಗಿದೆ. ಹೊಗೆ ಇಲ್ಲ, ಬ್ರೇಕ್ ಗಟ್ಟಿ. ಹದಿನೈದ್ ವರ್ಷದಲ್ಲಿ ಗಾಡಿಗೆ ಏನೂ ಆಗಿಲ್ಲ. ಆಗಿರೋದೆಲ್ಲ ಈ ವಾರ ಆಗಿರೋದು. ಮುಂದಿನ್ ತಿಂಗ್ಳು ಸರಿ ಮಾಡ್ಸಿ ತನ್ನಿ.”

ಕರಾರಿನ ಪ್ರಕಾರ ಛಾನ್ಸು ಷಡ್ಡಕನಿಗೆ ಹೋಯಿತು. ಅವನು ಭಾನುವಾರ ಬಂದ. ಇಸ್ತ್ರಿ ಪ್ಯಾಂಟಿನಲ್ಲೇ ಬಂದ. ಟ್ಯಾಂಕನ್ನು ಒಂದು ಬೆರಳಿನಲ್ಲಿ ಮುಟ್ಟಿ, ಬೆರಳು ನೋಡಿಕೊಂಡ. “ಅಣ್ಣ, ಮುಂದಿನ್ ತಿಂಗ್ಳು ಪೂರ್ತಿ ನಂಗೆ ಶಿಫ್ಟು. ನೀವೇ ಇಟ್ಕೊಳ್ಳಿ,” ಎಂದು, ಕೊಟ್ಟ ಕಾಫಿಯನ್ನೂ ನಿಂತೇ ಕುಡಿದು ಬಸ್ಸು ಹತ್ತಿದ.

ನಾನು ಮತ್ತೆ ಸ್ಕ್ರೂಡ್ರೈವರ್ ಹುಡುಕುತ್ತಿದ್ದೆ. “ಅದನ್ನ ಮುಟ್ಟಿದ್ರೆ ನೋಡಿ!” ಎಂದಳು ರತ್ನ. ಅಂದೇ ಪಕ್ಕದ ಮನೆಯವರ ಸಹಾಯದಿಂದ ಗಾಡಿ ತಳ್ಳಿಸಿಕೊಂಡು ಬಾಷಾಭಾಯ್ ಅಂಗಡಿಗೆ ಹೋದಳು. ಎರಡು ದಿನ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಬಣ್ಣ ಕೆರೆಸಿದಳು, ಕಪ್ಪು ಹೊಡೆಸಿದಳು, ನನ್ನ ನಾಲ್ಕು ಗಂಟುಗಳನ್ನು ಕತ್ತರಿಸಿ ಹಾಕಿಸಿದಳು. ಬಾಷಾಭಾಯ್ ಆ ಗಂಟುಗಳನ್ನು ಬಂದವರಿಗೆಲ್ಲ ತೋರಿಸಿದನಂತೆ. “ಗಂಟು ಮಾತ್ರ ಬಲ್ ಗಟ್ಟಿ ಅಕ್ಕ, ಬಿಚ್ಚಕ್ಕೇ ಬರ್ಲಿಲ್ಲ,” ಎಂದನಂತೆ. ಆ ಪ್ರಕರಣದಲ್ಲಿ ನನಗೆ ಸಿಕ್ಕ ಪ್ರಶಂಸೆ ಅದೊಂದೇ.

ಮುಂದಿನ ಕ್ಯಾಂಪಿಗೆ ಅಪ್ಪ ಮಗಳು ಹೋದರು. ನನಗೆ ಪ್ರವೇಶವಿರಲಿಲ್ಲ. ಬಾಷಾಭಾಯ್ ಗಾಡಿ ಓಡಿಸಿಕೊಂಡು ಹೋದ. ಐದೇ ನಿಮಿಷದಲ್ಲಿ ಪಾಸು!

ಮನೆಗೆ ಬಂದು ಮಾವನವರು ಮತ್ತೆ ಕಾಫಿ ಲೋಟ ಕೆಳಗಿಟ್ಟರು. ನಾನು ಆಸೆಯಿಂದ ಮುಂದೆ ಸರಿದು ಕುಳಿತೆ.

“ಪಾಸ್ ಮಾಡ್ಸಿದೋರ ಹೆಸ್ರಿಗೆ ಅಂದಿದ್ದೆ. ಕೊಟ್ ಮಾತ್ ತಪ್ಪಲ್ಲ ನಾನು. ರತ್ನ, ಇಲ್ಲಿ ರುಜು ಹಾಕವ್ವ.”

ಗಾಡಿ ನಮ್ಮನೆಯಲ್ಲೇ ಉಳಿಯಿತು. ಅದು ಇನ್ನೂ ಒಂದು ದಿನವೂ ಕೈಕೊಟ್ಟಿಲ್ಲ. ರತ್ನಳಿಗೆ ಓಡಿಸಲು ಬರುವುದಿಲ್ಲ; ಆದರೆ ಕೀಲಿ ಅವಳ ಸೊಂಟದಲ್ಲಿರುತ್ತದೆ. ನೂಲು ತರುವುದಕ್ಕೋ ನೇಯ್ದ ಸೀರೆ ಅಂಗಡಿಗೆ ಹಾಕಿಬರುವುದಕ್ಕೋ ಹೊರಟಾಗ ಕೇಳಿ ಪಡೆಯಬೇಕು, ಬಂದ ಮೇಲೆ ಒಪ್ಪಿಸಬೇಕು.

ಮೊನ್ನೆ ದೇವನಹಳ್ಳಿ ರಸ್ತೆಯಲ್ಲಿ ಪೊಲೀಸಿನವರೊಬ್ಬರು ಕೈ ಅಡ್ಡ ಹಾಕಿ ನಿಲ್ಲಿಸಿದರು. ಆರ್.ಸಿ. ಪುಸ್ತಕ ನೋಡಿ, “ಹೆಣ್ಮಕ್ಕಳ ಹೆಸ್ರೈತಲ್ಲಯ್ಯಾ. ಯಾರದಿದು ಗಾಡಿ?” ಎಂದರು.

“ನನ್ ಹೆಂಡ್ತೀದು ಸಾರ್.”

“ಮತ್ತೆ ನೀನು?”

“ನಾನೂ ಅವಳದೇ ಸಾರ್.”