ಲಾಸಾಕ್ಕೆ ಹೊರಟವನ ನೆಗಡಿ

ಆಮ್ಲಜನಕದ ಡಬ್ಬಿ ಇನ್ನೊಂದು ಕ್ಷಣ ತಾಳಿಕೊಂಡಿದ್ದರೆ ಪೂ ದೆಶಿನ್ ಬಚಾವಾಗುತ್ತಿದ್ದ. ಬಾಗಿಲ ಬೀಗ ತೆಗೆಯಲೆಂದು ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡನಷ್ಟೆ, ಡಬ್ಬಿ ನುಸುಳಿ ಕೆಳಗೆ ಬಿತ್ತು. ಬಿದ್ದದ್ದು ಸುಮ್ಮನಿರಲಿಲ್ಲ. ಮದುವೆಗೆ ಕರೆಯಲು ಹೊರಟವರ ಹಾಗೆ ಒಂದೊಂದು ಬಾಗಿಲ ಮುಂದೂ ಸದ್ದು ಮಾಡುತ್ತ ಮೆಟ್ಟಿಲಿಳಿದು, ಅಂಗಳದಲ್ಲಿ ಹಸಿ ಅವರೆ ಸುಲಿಯುತ್ತ ಕೂತಿದ್ದ ಜಿಂಗ್ ಅಕ್ಕನ ಕಾಲ ಬುಡಕ್ಕೆ ಹೋಗಿ ನಿಂತಿತು.

ಚೆಂಗ್ಡುವಿನಲ್ಲಿ ಆ ಡಬ್ಬಿ ಕೊಳ್ಳುವವರು ಹೋಗುವುದು ಎತ್ತರದ ಊರಿಗೇ. ಜಿಂಗ್ ಅಕ್ಕ ಎಲ್ಲಿಗೆ ಎಂದು ಕೇಳಲೇ ಇಲ್ಲ.

"ಎಷ್ಟು ದಿನಕ್ಕೋ, ದೆಶಿನ್?"

"ಒಂದು ವಾರ, ಅಕ್ಕ," ಎಂದು ಮೆಟ್ಟಿಲ ಮೇಲಿಂದಲೇ ಅವನು ಒಪ್ಪಿಕೊಂಡ. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. "ಲಾಸಾಕ್ಕೆ. ಇವತ್ತು ಸಂಜೆಯ ರೈಲಿಗೆ."

ಯಾರಿಗೂ ತಿಳಿಯದ ಹಾಗೆ ಹೊರಟುಬಿಡಬೇಕೆಂದು ಅವನು ತಿಂಗಳಿಂದ ಲೆಕ್ಕ ಹಾಕಿದ್ದ. ದೆಶಿನ್ ಕೆಲಸ ಮಾಡುವುದು ಸ್ಕೂಟರ್ ಹಾರ್ನ್ ತಯಾರಿಸುವ ಕಾರ್ಖಾನೆಯಲ್ಲಿ; ಬೆಳಗಿನಿಂದ ಸಂಜೆಯವರೆಗೆ ಒಂದೊಂದೇ ಹಾರ್ನ್ ಒತ್ತಿ, ಸರಿಯಾಗಿ ಅರಚುತ್ತದೆಯೇ ಎಂದು ನೋಡುವುದೇ ಅವನ ಕಸುಬು. ಮನೆಗೆ ಬಂದರೆ ಅಂಗಳದಲ್ಲಿ, ನಾಲ್ವರು ಕೂತು ಬಿಲ್ಲೆ ಜೋಡಿಸುವ ಮಹಜಾಂಗ್ ಆಟದ ಮೇಜು ಕಾದಿರುತ್ತಿತ್ತು. ಜಿಂಗ್ ಅಕ್ಕ, ನಿವೃತ್ತ ಬಸ್ ಡ್ರೈವರ್ ಲೆಂಗ್ ಅಣ್ಣ, ಗೇಟಿನ ಪಕ್ಕದ ಔಷಧಿ ಅಂಗಡಿಯ ತಾಂಗ್, ನಾಲ್ಕನೆಯವನು ಇವನು. ಬಿಲ್ಲೆಗಳ ಕಟಕಟ, ಅದರ ಮೇಲೆ ಮೂವರ ಮಾತು, ಮಲಗುವ ತನಕ. ಮೂವರು ಕೂತು ನಾಲ್ಕನೆಯವನಿಲ್ಲದೆ ಹೋದರೆ ಆ ಊರಿನಲ್ಲಿ ಅದನ್ನು ಸಾವುನೋವಿಗಿಂತ ಸ್ವಲ್ಪವೇ ಕಡಿಮೆ ಎಂದು ತಿಳಿಯುತ್ತಾರೆ. ಹಾಗಾಗಿ ಒಂದು ಸಂಜೆಗೂ ಅವನಿಗೆ ಬಿಡುಗಡೆ ಇರಲಿಲ್ಲ.

ಹೆಂಡತಿ ಮೊಮ್ಮಗುವಿನ ಆರೈಕೆಗೆ ಚೊಂಗ್‌ಚಿಂಗ್‌ನ ಮಗಳ ಮನೆಗೆ ಹೋದ ಮೇಲೆ ಅವನಿಗೆ ಧೈರ್ಯ ಬಂತು. ಲಾಸಾದಲ್ಲಿ ಅವನಿಗೆ ಒಬ್ಬರ ಪರಿಚಯವೂ ಇಲ್ಲ. ಮೊದಲ ದಿನ ಮಲಗುವುದು. ಮರುದಿನ ಒಂದು ಸಿಹಿ ಚಹಾದ ಅಂಗಡಿಗೆ ಹೋಗಿ ಬಾಯಿ ಮುಚ್ಚಿಕೊಂಡು ಕೂರುವುದು. ಅದರ ಮರುದಿನ ಇನ್ನೊಂದು ಅಂಗಡಿ. ಆಮೇಲೆ ಎರಡರಲ್ಲಿ ಯಾವ ಚಹಾ ಚೆನ್ನಾಗಿತ್ತೆಂದು ನಿಧಾನವಾಗಿ ಯೋಚಿಸುವುದು. ಅರಮನೆ, ಮಠ ಎಲ್ಲ ಅಂಗಡಿಯ ಕಿಟಕಿಯಿಂದ ಕಂಡಷ್ಟು ಸಾಕು. ಅವನಿಗೆ ಬೇಕಾಗಿದ್ದದ್ದು ಕಿವಿಗೆ ರಜೆ.

ಅರ್ಧ ಗಂಟೆಯೊಳಗೆ ಮೂವರೂ ಅವನ ಮನೆಯಲ್ಲಿದ್ದರು.

"ನಮ್ಮಂಗಡಿ ಕಣ್ಣಿಗೆ ಕಾಣಿಸಲಿಲ್ವಾ ಪೂ ಅಣ್ಣ?" ಎಂದು ತಾಂಗ್ ಡಬ್ಬಿಯ ತಳ ತಿರುವಿ ನೋಡಿದಳು. "ಎರಡು ಬಸ್ಸು ಬದಲಾಯಿಸಿ ಹೋಗಿ ತಂದಿದ್ದೀರಿ. ಒಂದು ಮಹಡಿ ಹತ್ತುವಷ್ಟರಲ್ಲಿ ಖಾಲಿಯಾಗುತ್ತೆ ಇದು."

"ಅದಿರಲಿ, ಸ್ನಾನ ಯಾವಾಗ ಮಾಡಿದೆ?" ಎಂದಳು ಜಿಂಗ್ ಅಕ್ಕ.

"ಬೆಳಿಗ್ಗೆ."

"ಆಯ್ತು, ಮುಗೀತು. ಎತ್ತರಕ್ಕೆ ಹೋಗೋರು ವಾರದ ಮುಂಚೆ ಸ್ನಾನ ಬಿಡ್ತಾರೆ. ಬೇರಿನ ಕಷಾಯನಾದ್ರೂ ಕುಡಿದಿದ್ದೀಯಾ?"

ಕುಡಿದಿರಲಿಲ್ಲ. ತಾಂಗ್ ಅಂಗಡಿಯಿಂದ ಹೂಜಿಯ ತುಂಬ ತಂದಳು. ಅದು ತುಕ್ಕು ಹಿಡಿದ ಮೊಳೆ ನೆನೆಸಿಟ್ಟ ನೀರಿನ ಹಾಗಿತ್ತು. ವಾರವಿಡೀ ಕುಡಿಯಬೇಕಾಗಿದ್ದನ್ನು ಒಂದೇ ಬೆಳಿಗ್ಗೆ ಕುಡಿಸಿದರು. ಹೊಟ್ಟೆ ಮಡಕೆಯ ಹಾಗೆ ಗುಳುಗುಳು ಎನ್ನತೊಡಗಿತು.

"ಇದ್ಯಾವುದೂ ಲೆಕ್ಕಕ್ಕಿಲ್ಲ," ಎಂದು ಲೆಂಗ್ ಅಣ್ಣ ಸಿಗರೇಟು ಹಚ್ಚಿದ. "ನೆಗಡಿ ಒಂದು ಇರಬಾರದು. ಆ ದಾರೀಲಿ ಬಸ್ಸು ಓಡಿಸಿದೋನು ನಾನು. ಒಬ್ಬ ಸೀನ್ತಾ ಹತ್ತಿದ. ಕಣಿವೆ ದಾಟೋ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು. ಬಸ್ಸು ತಿರುಗಿಸಿಕೊಂಡು ಬಂದೆ. ನೆಗಡಿ ಇದ್ದೋನು ಮೇಲಕ್ಕೆ ಹೋಗೋ ಹಾಗೇ ಇಲ್ಲ."

ದೆಶಿನ್ ಎಲ್ಲದಕ್ಕೂ ತಲೆಯಾಡಿಸಿದ. ಹೆದರಿಸಿ ನಿಲ್ಲಿಸಬೇಕೆಂದಿದ್ದರೆ ಅವರು ಸೋತರು. ಚೀಲವನ್ನು ಅವನು ಮೊಣಕಾಲಿನ ನಡುವೆ ಭದ್ರವಾಗಿ ಹಿಡಿದುಕೊಂಡೇ ಇದ್ದ. ಆಗ ಜಿಂಗ್ ಅಕ್ಕನ ದನಿ ಮೆತ್ತಗಾಯಿತು. ಅವಳ ದನಿ ಮೆತ್ತಗಾದರೆ ಅಂಗಳದವರೆಲ್ಲ ಎಚ್ಚರವಾಗುತ್ತಿದ್ದರು.

"ಪಾಪ, ಒಬ್ಬನೇ. ಅಲ್ಲಿ ಮೂರ್ಛೆ ಹೋದರೆ ನೀರು ಚಿಮುಕಿಸೋರು ಯಾರು?"

ತಾಂಗ್ ಆಗಲೇ ಅವನ ಟಿಕೆಟ್ ನೋಡಿಕೊಂಡು ಫೋನ್ ಒತ್ತುತ್ತಿದ್ದಳು. "ಅಣ್ಣಂದು ನಾಲ್ಕು ಬರ್ತಿನ ಕೋಣೆ, ಅಕ್ಕ. ಉಳಿದ ಮೂರೂ ಖಾಲಿ ಇದಾವೆ."

"ಒಂದೂವರೆ ದಿನದ ದಾರಿ," ಎಂದ ಲೆಂಗ್ ಅಣ್ಣ. "ಮಧ್ಯದಲ್ಲಿ ಒಂದು ಮೇಜು ಬೇರೆ ಇರುತ್ತೆ."

ಬಿಲ್ಲೆಗಳ ಪೆಟ್ಟಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ದೆಶಿನ್ ಏನಾದರೂ ಹೇಳುವ ಮೊದಲೇ ಮೂರು ಟಿಕೆಟ್ ಆಗಿಹೋದವು, ಮೂವರೂ ಬಟ್ಟೆ ತುಂಬಿಕೊಳ್ಳಲು ಎದ್ದು ಹೋದರು.

ಅವನು ಕುರ್ಚಿಯಲ್ಲಿ ಕುಸಿದ. ರೈಲಿನಲ್ಲಿ ಕಟಕಟ. ಲಾಸಾದ ಚಹಾದಂಗಡಿಯಲ್ಲೂ ಕಟಕಟ. ಕಿಟಕಿಯಿಂದ ಕಾಣಬೇಕಾಗಿದ್ದ ಅರಮನೆಗೆ ಅಡ್ಡವಾಗಿ ಜಿಂಗ್ ಅಕ್ಕನ ತಲೆ. ಇವರೆಲ್ಲ ಲಾಸಾಕ್ಕೆ ಹೋದರೆ ಇಲ್ಲಿ ಅಂಗಳ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂದುಕೊಂಡ. ಮರುಕ್ಷಣ ನೆಟ್ಟಗೆ ಕೂತ. ಹೌದಲ್ಲ, ಎಷ್ಟು ನಿಶ್ಶಬ್ದವಾಗಿರುತ್ತದೆ!

ಅಡುಗೆಮನೆಗೆ ಹೋಗಿ ಒಂದು ಚಿಟಿಕೆ ಮೆಣಸಿನ ಪುಡಿ ಮೂಸಿದ.

ಜೀವನದಲ್ಲೇ ಮೊದಲ ಸುಳ್ಳಾದ್ದರಿಂದ ಪ್ರಮಾಣ ತಿಳಿಯಲಿಲ್ಲ, ಎರಡನೆಯ ಚಿಟಿಕೆಯನ್ನೂ ಎಳೆದುಬಿಟ್ಟ. ಮೊದಲ ಸೀನಿಗೆ ಪಾತ್ರೆಗಳು ಅಲುಗಾಡಿದವು. ಐದನೆಯದಕ್ಕೆ ಲೆಂಗ್ ಅಣ್ಣ ಕೆಳಗಿನ ಮನೆಯಿಂದ ಓಡಿಬಂದ. ಕಣ್ಣು ಕೆಂಪು, ಮೂಗು ಮೂಲಂಗಿಯ ಹಾಗೆ ಊದಿ ದೆಶಿನ್ ಗೋಡೆ ಹಿಡಿದು ನಿಂತಿದ್ದ. ಮೂವರೂ ಸುತ್ತ ಸೇರಿದರು. ಒಬ್ಬಳು ಹಣೆ ಮುಟ್ಟಿದಳು, ಒಬ್ಬಳು ಗಂಟಲು ನೋಡಿದಳು. ಮಧ್ಯಾಹ್ನವೆಲ್ಲ ಅವನು ಅವರ ಮುಖದ ಮೇಲೇ ಸೀನಿದ.

"ನೀವು ಹೋಗಿಬನ್ನಿ," ಎಂದ ಕಂಬಳಿಯೊಳಗಿನಿಂದ. "ನನ್ನಿಂದ ನಿಮ್ಮ ಪ್ರವಾಸ ಹಾಳಾಗೋದು ಬೇಡ."

ಮೂವರೂ ಮುಖ ಮುಖ ನೋಡಿಕೊಂಡರು. ಟಿಕೆಟ್ ಆಗಿತ್ತು, ಬಟ್ಟೆ ತುಂಬಿಯಾಗಿತ್ತು. ಬೇರೆ ದಾರಿ ಕಾಣದೆ ಸಂಜೆ ಟ್ಯಾಕ್ಸಿ ಹತ್ತಿದರು. ಜಿಂಗ್ ಅಕ್ಕ ಕಿಟಕಿಯಿಂದ ಕೈ ಚಾಚಿ, ಗಂಜಿ ಕುಡಿ, ತಲೆಗೆ ನೀರು ಹಾಕಬೇಡ ಎಂದು ಗೇಟು ದಾಟುವ ತನಕ ಕೂಗುತ್ತಲೇ ಇದ್ದಳು.

ದೆಶಿನ್ ತನ್ನ ಟಿಕೆಟ್ ರದ್ದು ಮಾಡಿ ಬಾಲ್ಕನಿಯಲ್ಲಿ ಕೂತ. ಅಂಗಳದ ಮೇಜು ಖಾಲಿ. ಯಾರೋ ಒಣಗಲು ಹಾಕಿದ ಬಟ್ಟೆಯಿಂದ ನೀರು ತೊಟ್ಟಿಕ್ಕುವುದೂ ಕೇಳಿಸುತ್ತಿತ್ತು. ಆ ಸದ್ದನ್ನು ಅವನು ಈ ಮನೆಗೆ ಬಂದಾಗಿನಿಂದ ಕೇಳಿರಲೇ ಇಲ್ಲ. ಭುಜಗಳು ತಾವಾಗಿ ಇಳಿದವು. ಲಾಸಾವೇ ಮೆಟ್ಟಿಲು ಹತ್ತಿ ಮನೆಗೆ ಬಂದಂತಾಯಿತು, ಉಸಿರಾಡಲು ಗಾಳಿಯೂ ಬೇಕಾದಷ್ಟು. ಸಂತೋಷ ತಡೆಯಲಾರದೆ ಬಿಸಿಬಿಸಿ ನೀರಿನಲ್ಲಿ ತಲೆಗೇ ಸ್ನಾನ ಮಾಡಿದ.

ತಲೆ ಒರೆಸಿಕೊಳ್ಳುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮೂವರೂ ಚೀಲಗಳ ಸಮೇತ ನಿಂತಿದ್ದರು.

"ನೋಡಿದ್ಯಾ, ತಲೆಗೆ ನೀರು ಹಾಕ್ಕೊಂಡಿದ್ದಾನೆ," ಎಂದು ಜಿಂಗ್ ಅಕ್ಕ ಒಳಗೆ ಬಂದಳು. "ಇವನನ್ನ ಒಬ್ಬನೇ ಬಿಡಬಾರದು ಅಂದೆನಲ್ಲ."

"ರೈಲು?" ಎಂದ ದೆಶಿನ್.

"ಸೇತುವೆ ಹತ್ತಿರ ಲೆಂಗ್ ಅಣ್ಣ ಸೀನಿದ್ರು," ಎಂದಳು ತಾಂಗ್. "ಅಲ್ಲೇ ಟ್ಯಾಕ್ಸಿ ತಿರುಗಿಸಿದ್ವಿ. ಮಧ್ಯಾಹ್ನವೆಲ್ಲ ನಿಮ್ಮ ಸೀನಿನ ಕೆಳಗೇ ಕೂತಿದ್ದೀವಿ ಅಣ್ಣ, ಮೂವರಿಗೂ ಅಂಟಿದೆ. ನೆಗಡಿ ಇದ್ದೋರು ಮೇಲಕ್ಕೆ ಹೋಗೋ ಹಾಗಿಲ್ಲ."

"ಹಾಗಾದರೆ ನಿಮ್ಮ ನಿಮ್ಮ ಮನೆಗೆ..."

"ನನ್ನ ಸೊಸೆ ಬಸುರಿ," ಎಂದಳು ಜಿಂಗ್ ಅಕ್ಕ. "ಲೆಂಗ್ ಮನೇಲಿ ಕೈಗೂಸು. ಇವಳು ಮೂಗು ಸೋರಿಸ್ತಾ ಔಷಧಿ ಮಾರಿದರೆ ಯಾರು ಕೊಳ್ತಾರೆ? ನೆಗಡಿ ಇದ್ದೋರು ನೆಗಡಿ ಇದ್ದೋರ ಜೊತೇನೇ ಇರಬೇಕು. ನಿನ್ನ ಮನೆ ಖಾಲಿ ಇದೆ. ನಾವಿಬ್ಬರೂ ಒಳಗಿನ ಕೋಣೆ, ಲೆಂಗ್‌ಗೆ ಸೋಫಾ, ರೋಗಿ ನೀನು ಮಧ್ಯದಲ್ಲಿ ಇರು, ಎಲ್ಲರ ಕಣ್ಣಿಗೆ ಬೀಳ್ತೀಯ. ನಿನ್ನ ಹೆಂಡತಿಗೂ ಫೋನ್ ಮಾಡಿದೆ. ಅವಳಿಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ?"

ನನಗೆ ನೆಗಡಿಯೇ ಇಲ್ಲ ಎಂಬ ಮಾತು ದೆಶಿನ್‌ನ ನಾಲಗೆಯ ತುದಿಗೆ ಬಂತು. ಹೇಳಿದರೆ ನಾಳೆಯ ರೈಲಿಗೆ ನಾಲ್ಕು ಬರ್ತ್ ಹುಡುಕುತ್ತಾರೆಂದು ಹೊಳೆದು, ನುಂಗಿಕೊಂಡ.

ಲೆಂಗ್ ಅಣ್ಣ ಶೂ ಕಳಚಿ ಸೋಫಾದಲ್ಲಿ ಕಾಲು ಚಾಚಿದ. "ನಿಜ ಹೇಳಲಾ? ಆ ಎತ್ತರ ನೆನೆಸಿಕೊಂಡೇ ನನಗೆ ಎದೆ ಡವಗುಟ್ಟುತ್ತಿತ್ತು. ಬದುಕಿದೆ."

"ನಾನು ದಾರೀಲೆಲ್ಲ ದೇವರಿಗೆ ಹರಕೆ ಹೊತ್ಕೊಂಡೆ," ಎಂದಳು ತಾಂಗ್. ಜಿಂಗ್ ಅಕ್ಕ ದೀರ್ಘವಾಗಿ ಉಸಿರು ಬಿಟ್ಟಳು. ಮೂವರ ಮುಖವೂ ಪರೀಕ್ಷೆ ಮುಂದಕ್ಕೆ ಹೋದ ಮಕ್ಕಳ ಮುಖದ ಹಾಗೆ ಅರಳಿತ್ತು. ಊಟದ ಮೇಜಿನ ಮೇಲೆ ಬಿಲ್ಲೆಗಳ ಪೆಟ್ಟಿಗೆ ಬೋರಲಾಯಿತು, ಕಟಕಟ ಶುರುವಾಯಿತು.

ದೆಶಿನ್ ತನ್ನ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿಕೊಂಡ. ಇನ್ನು ಸುಳ್ಳು ಸೀನಬೇಕಾಗಿಲ್ಲ, ಅಷ್ಟಾದರೂ ಆಯಿತಲ್ಲ ಎಂದು ಅವನಿಗೂ ಒಂದಿಷ್ಟು ಹಗುರವೆನಿಸಿತು.

ಎರಡು ಆಟ ಮುಗಿದಿರಬೇಕು. ತಾಂಗ್ ಬಿಲ್ಲೆ ಕೆಳಗಿಟ್ಟು ಅವನನ್ನೇ ನೋಡಿದಳು. "ಪೂ ಅಣ್ಣ, ಆಗಿನಿಂದ ಒಂದು ಸಲವೂ ಸೀನಲಿಲ್ಲ ನೀವು."

"ಎದೆಗೆ ಇಳೀತು ಅಂತ ಕಾಣುತ್ತೆ," ಎಂದ ಲೆಂಗ್ ಅಣ್ಣ.

"ಎದೆಗೆ ಇಳಿದರೆ ಒಂದು ವಾರಕ್ಕೆ ಹೋಗಲ್ಲ. ತಿಂಗಳಾದರೂ ಇವನ ಜೊತೆ ಇರಬೇಕಾಗುತ್ತೆ," ಎಂದು ಜಿಂಗ್ ಅಕ್ಕ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

ಪೂ ದೆಶಿನ್ ತಲೆ ಹಿಂದಕ್ಕೆ ವಾಲಿಸಿ, ಕಣ್ಣು ಮುಚ್ಚಿ, ಮನಸ್ಸಿಟ್ಟು ಒಂದು ಸೀನು ಸೀನಿದ.

ಮೂವರಿಗೂ ಹೋದ ಜೀವ ಬಂದಂತಾಯಿತು.